ಮೂವತ್ತೆಂಟು ಬಲ್ಬುಗಳ ಸರ

1882ರ ದಶಂಬರ 22ರಂದು ನ್ಯೂಯಾರ್ಕಿನಲ್ಲಿ ಎಡಿಸನ್‌ರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ತಮ್ಮ ಮನೆಯ ಕ್ರಿಸ್ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿಯ 80 ವಿದ್ಯುದ್ದೀಪಗಳನ್ನು ಸುತ್ತಿದರು. ಅದುವರೆಗೆ ಮರದ ಮೇಲೆ ಉರಿಯುತ್ತಿದ್ದುದು ಮೇಣದ ಬತ್ತಿ. ಬೆಂಕಿಯ ಭಯ ತಪ್ಪಿದ್ದಲ್ಲ. ನಮ್ಮ ಮುಂಬಯಿಯಲ್ಲಿ ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಮ್‌ವೇಸ್ ಕಂಪನಿ ಸ್ಥಾಪನೆಯಾದದ್ದು 1905ರಲ್ಲಿ.

ಗಿರಗಾವಿನ ಖೋತಾಚಿವಾಡಿ, ಮಜಗಾಂವಿನ ಮಾಥಾರಪಾಕಾಡಿ, ಬಾಂದ್ರಾದ ರಣವರ್ — ಈ ಹಳೆಯ ಕೇರಿಗಳಲ್ಲಿ ದಶಂಬರ ಬಂತೆಂದರೆ ಜಗಲಿಗೆ ನಕ್ಷತ್ರ ಏರುತ್ತದೆ. ಒಳಗೊಂದು ಬಲ್ಬು, ಹೊರಗೆ ಬಣ್ಣದ ಕಾಗದ. ನಮ್ಮ ದೀಪಾವಳಿಯ ಗೂಡುದೀಪದ ಒಡಹುಟ್ಟೇ ಸರಿ.

ನನಗೆ ಈ ಹುಚ್ಚು ಹತ್ತಿದ್ದು ಕಲೀನಾದಲ್ಲಿ, ನಮ್ಮ ಚಾಳಿನ ಮಂಗಳೂರು ಪೊರ್ಬುಗಳಿಂದ. ಲೋಹಾರ್ ಚಾಳದಿಂದ 6 ವೋಲ್ಟಿನ ಪುಟ್ಟ ಬಲ್ಬುಗಳನ್ನು ತಂದು 38ನ್ನು ಒಂದೇ ಸರವಾಗಿ ಬೆಸೆಯುತ್ತಿದ್ದರು. 230 ವೋಲ್ಟು ಹಂಚಿಹೋಗಲು ಅಷ್ಟು ಬೇಕು. ಒಂದು ಸುಟ್ಟರೆ ಇಡೀ ಸರ ಕತ್ತಲೆ. ಸುಟ್ಟದ್ದನ್ನು ಹುಡುಕುವ ಕೆಲಸ ನನ್ನದು. ಬಿ.ಎಸ್‌ಸಿ.ಯಲ್ಲಿ ಓಮನ ನಿಯಮ ಓದುವ ಮೊದಲೇ ಅದು ನನ್ನ ಬೆರಳಿಗೆ ಬಂದಿತ್ತು!

1971ರ ದಶಂಬರದಲ್ಲಿ ಮಾತ್ರ ಸರ ಪೆಟ್ಟಿಗೆಯಲ್ಲೇ ಉಳಿದಿತ್ತಂತೆ. ಯುದ್ಧದ ಬ್ಲ್ಯಾಕೌಟು, ಕಿಟಕಿಗೆಲ್ಲ ಕಪ್ಪು ಕಾಗದ. 17ರಂದು ಕದನವಿರಾಮ, ಹಬ್ಬಕ್ಕೆ ಎಂಟೇ ದಿನ. ಕಾಗದ ಕಿತ್ತ ಕಿಟಕಿಗೆ ಅವರು ಮೊದಲು ತೂಗಹಾಕಿದ್ದು ನಕ್ಷತ್ರವನ್ನು. ಹಬ್ಬವಿಲ್ಲದ ನಮ್ಮ ಅಜ್ಜಿಯೂ ನೋಡಲು ಹೊರಗೆ ಬಂದಿದ್ದರಂತೆ.

ಪೊರ್ಬುಗಳು ತೀರಿಕೊಂಡ ಮೇಲೆ ಆ ಸರ ನನ್ನ ಪಾಲಿಗೆ ಬಂತು. ಈಗೆಲ್ಲ ಎಲ್‌ಇಡಿ, ಹಳೆಯ ಬಲ್ಬು ಕೇಳಿದರೆ ಅಂಗಡಿಯವರು ನಗುತ್ತಾರೆ. ಸುಟ್ಟ ಎರಡನ್ನು ತೆಗೆದು ತಂತಿ ಜೋಡಿಸಿದ್ದೇನೆ. ಉಳಿದ 36 ತುಸು ಹೆಚ್ಚೇ ಬೆಳಗುತ್ತವೆ, ಆದ್ದರಿಂದ ಬೇಗ ಸುಡುತ್ತವೆ ಕೂಡ.