ಬಳ್ಳಾರಿಗೆ ಬಂದು ಹೋದ ವಿಮಾನಗಳು

ಏರ್ ಇಂಡಿಯಾ ಹುಟ್ಟಿದ ಕಥೆ ಹೇಳುವಾಗ ಎಲ್ಲರೂ ಕರಾಚಿ, ಮುಂಬೈ ಅಂತಾರೆ. ಆ ಕಥೆಯಲ್ಲಿ ನಮ್ಮ ಬಳ್ಳಾರಿಯೂ ಇದೆ.

1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಹೊರಟರು. ಲಂಡನ್ನಿನಿಂದ ಇಂಪೀರಿಯಲ್ ಏರ್‌ವೇಸ್ ತಂದಿಳಿಸಿದ್ದ ಟಪಾಲನ್ನು ಪುಟ್ಟ ಪುಸ್ ಮಾತ್ ವಿಮಾನದಲ್ಲಿ ಹೇರಿಕೊಂಡು, ಅಹಮದಾಬಾದಿನಲ್ಲಿ ಇಳಿದು, ಮುಂಬೈಯ ಜುಹು ತಲುಪಿದರು. ಅಲ್ಲಿಂದ ಮುಂದಿನ ಪಾಳಿ ನೆವಿಲ್ ವಿನ್ಸೆಂಟ್ ಅವರದು. ಅವರು ಬಳ್ಳಾರಿ ಮೇಲೆ ಮದ್ರಾಸಿಗೆ ಹೋದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದ ಜಿಲ್ಲೆ, ಮುಂಬೈ–ಮದ್ರಾಸ್ ದಾರಿಯ ನಡುವಿನ ಊರು. ವಿಮಾನ ಇಳಿದದ್ದು ಬಳ್ಳಾರಿಯವರಿಗಾಗಿ ಅಲ್ಲ, ಆ ಟಪಾಲಿಗಾಗಿ. ಮೊದಲ ವರ್ಷ ಈ ಸೇವೆಯಲ್ಲಿ ಹಾರಿದ ಪ್ರಯಾಣಿಕರು ಬರೀ 155 ಮಂದಿ. ಮುಂದೆ ಮಾರ್ಗ ಹೈದರಾಬಾದಿನ ಕಡೆ ಹೊರಳಿತು, ಬಳ್ಳಾರಿ ನಕ್ಷೆಯಿಂದ ಬಿದ್ದುಹೋಯಿತು.

ಮತ್ತೆ ವಿಮಾನ ಬಂದದ್ದು ಉಕ್ಕಿನ ದೆಸೆಯಿಂದ. ತೋರಣಗಲ್ಲಿನಲ್ಲಿ ಜಿಂದಾಲ್ ಕಟ್ಟಿದ ವಿದ್ಯಾನಗರ ವಿಮಾನ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್ ಹಾರತೊಡಗಿತು. ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳ ದರ ಸುಮಾರು 2,500 ರೂಪಾಯಿ. ಕಂಪನಿಗೆ ಬೀಳುವ ನಷ್ಟಕ್ಕೆ ಮೂರು ವರ್ಷ ಸರ್ಕಾರದ ನೆರವು. 2022ರ ಫೆಬ್ರುವರಿಯಲ್ಲಿ ಟ್ರೂಜೆಟ್ಟೇ ನಿಂತುಹೋಯಿತು. ಇತ್ತ ಬಳ್ಳಾರಿ ಪಕ್ಕದ ಚಾಗನೂರಿನಲ್ಲಿ ಹೊಸ ನಿಲ್ದಾಣ ಅಂತ ಭೂಮಿ ಗುರುತಿಸಿದ್ರು. ನೀರಾವರಿ ಹೊಲ ಬಿಡೋಕೆ ಒಪ್ಪದ ರೈತರು ಹೋರಾಟಕ್ಕೆ ಕೂತರು. ಅವರ ಕಣ್ಣಿಗೆ ಕಂಡ ಲೆಕ್ಕ ಸರಳ: ಹೋಗೋದು ನಮ್ಮ ಹೊಲ, ಹಾರೋರು ಬೇರೆಯವರು.

ಹಾಗಾದ್ರೆ ಸಣ್ಣ ಊರಿಗೆ ವಿಮಾನ ದಕ್ಕೋದೇ ಇಲ್ವಾ? ಜಪಾನಿನ ಕುಮಾಮೊಟೊ ಪ್ರಾಂತ್ಯದ ಅಮಾಕುಸ ದ್ವೀಪಗಳನ್ನು ನೋಡಿ. ಅಲ್ಲಿನ ಅಮಾಕುಸ ಏರ್‌ಲೈನ್ಸ್ 2000ದಿಂದ ಹಾರುತ್ತಿದೆ. ಇರೋದು ಒಂದೇ ವಿಮಾನ, ಡಾಲ್ಫಿನ್ ಬಣ್ಣ ಬಳಿದ ಒಂದು ಎಟಿಆರ್.  ಆದರೂ ಇಷ್ಟು ವರ್ಷ ಬಾಳಿದೆ, ಯಾಕಂದ್ರೆ ಪ್ರಾಂತ್ಯದ ಸರ್ಕಾರ ಮತ್ತು ಅಲ್ಲಿನ ಸ್ಥಳೀಯ ಆಡಳಿತಗಳೇ ಅದರ ಮುಖ್ಯ ಪಾಲುದಾರರು. ದ್ವೀಪದವರು ದೊಡ್ಡಾಸ್ಪತ್ರೆಗೆ ಹೋಗೋದಕ್ಕೂ ಅದು ಬೇಕು. ಹಾಗಾಗಿ ನಷ್ಟವಾದರೂ ಕೈಬಿಡೋದು ಅವರಿಗೆ ಸುಲಭವಲ್ಲ.

ನಮ್ಮಲ್ಲಿ ವಿಮಾನ ಟಪಾಲಿಗೆ ಬಂತು, ಉಕ್ಕಿಗೆ ಬಂತು, ಸಬ್ಸಿಡಿಗೆ ಬಂತು. ಸಿರುಗುಪ್ಪದ ಭತ್ತದ ವ್ಯಾಪಾರಿಗೆ, ಕುರುಗೋಡಿನಿಂದ ಬೆಂಗಳೂರಿಗೆ ಹೋಗಿ ದುಡಿಯುವ ಹುಡುಗಿಗೆ ಅಂತ ಯಾವತ್ತೂ ಬರಲಿಲ್ಲ. ಅವರನ್ನು ಊರು ಮುಟ್ಟಿಸೋದು ಇವತ್ತಿಗೂ ರಾತ್ರಿ ಬಸ್ಸು, ಇಲ್ಲವೇ ಹಂಪಿ ಎಕ್ಸ್‌ಪ್ರೆಸ್. ಮುಂದಿನ ಸಲ ಯಾರಾದರೂ ಬಳ್ಳಾರಿಗೆ ವಿಮಾನ ತರ್ತೀವಿ ಅಂದ್ರೆ ಉದ್ಘಾಟನೆ ಯಾವಾಗ ಅಂತ ಕೇಳಬೇಡಿ. ಸಬ್ಸಿಡಿ ಮುಗಿದ ಮರುದಿನ ಅದರ ಖರ್ಚು ಹೊರೋರು ಯಾರು ಅಂತ ಕೇಳಿ.