ಸೆಂಟ್ರಲ್ ಹೈಸ್ಕೂಲಿನ ಬಾಗಿಲು

ಅಮೆರಿಕದಲ್ಲಿ ತೆಗೆದ ಫೋಟೋಗಳಲ್ಲಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯದು ಎಂದು ಹೇಳಲಾಗುವ ಚಿತ್ರದಲ್ಲಿ ಮನುಷ್ಯರೇ ಇಲ್ಲ. 1839ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೆಲಸಕ್ಕಿದ್ದ ಜೋಸೆಫ್ ಸ್ಯಾಕ್ಸ್‌ಟನ್, ಪ್ಯಾರಿಸ್ಸಿನಿಂದ ಆಗಷ್ಟೇ ಸುದ್ದಿ ಬಂದಿದ್ದ ಡಗೆರೊಟೈಪ್ ವಿಧಾನವನ್ನು ಪರೀಕ್ಷಿಸಲೆಂದು ಕಿಟಕಿಯಾಚೆ ಕಂಡದ್ದನ್ನು ಒಂದು ಪುಟ್ಟ ಲೋಹದ ತಗಡಿನ ಮೇಲೆ ಮೂಡಿಸಿದ. ಹಳೆಯ ಶಸ್ತ್ರಾಗಾರದ ಒಂದು ಭಾಗ, ಅದರ ಹತ್ತಿರ ಹೊಸ ಶಾಲೆಯೊಂದರ ಗೋಪುರ. ಆ ಶಾಲೆ ಶುರುವಾಗಿ ಆಗ ಒಂದೇ ವರ್ಷವಾಗಿತ್ತು. ಹೆಸರು ಸೆಂಟ್ರಲ್ ಹೈಸ್ಕೂಲ್. ಗಂಡುಮಕ್ಕಳಿಗೆ ಮಾತ್ರ. ಆ 'ಮಾತ್ರ' ಅಳಿಸಿಹೋಗಲು 145 ವರ್ಷ ಬೇಕಾಯಿತು.

ನಾವಿರುವ ಊರು ಯಾವುದೇ ಆಗಲಿ, ಫಲಿತಾಂಶದ ದಿನಗಳಲ್ಲಿ ಶಾಲೆಗಳ ಬ್ಯಾನರುಗಳು ಏಳುತ್ತವೆ. ನೂರಕ್ಕೆ ನೂರು ಪಾಸು, ಇಷ್ಟು ಡಿಸ್ಟಿಂಕ್ಷನ್ನು, ಇಂಥವರಿಗೆ ರ‍್ಯಾಂಕು. ಶಾಲೆಯ ಸಾಧನೆ ಎಂದರೆ ಅಲ್ಲಿಂದ ಹೊರಬಂದವರ ಅಂಕ ಎಂದು ನಂಬಿ ನಾವು ಮಕ್ಕಳನ್ನು ಸೇರಿಸಲು ಓಡುತ್ತೇವೆ. ಒಳಗೆ ಯಾರನ್ನು ಬಿಟ್ಟುಕೊಂಡರು ಎಂಬುದು ಬ್ಯಾನರಿನ ಮೇಲೆ ಇರುವುದಿಲ್ಲ. ಸೆಂಟ್ರಲ್ ಹೈಸ್ಕೂಲಿನ ಚರಿತ್ರೆ ಓದಬೇಕಾದದ್ದು ಈ ಕಾರಣಕ್ಕೆ. ಅಂಕವೊಂದನ್ನೇ ನೆಚ್ಚಿದ ಆ ಶಾಲೆ ತನ್ನ ಬಾಗಿಲಲ್ಲಿ ಮಾತ್ರ ಅಂಕವನ್ನು ಮರೆತಿತ್ತು.

ಆ ಶಾಲೆ ಹುಟ್ಟಿದ್ದೇ ಒಂದು ಕಳಂಕವನ್ನು ತೊಳೆಯಲು. 1818ರಿಂದ ಫಿಲಡೆಲ್ಫಿಯಾದಲ್ಲಿ ಸರ್ಕಾರಿ ದುಡ್ಡಿನ ಶಾಲೆಗಳಿದ್ದವು, ಆದರೆ ಅವು ಬಡವರ ಮಕ್ಕಳಿಗೆಂದೇ ಇದ್ದವು. ದೊಡ್ಡ ಹುಡುಗರು ಚಿಕ್ಕವರಿಗೆ ಪಾಠ ಹೇಳುವ ಅಗ್ಗದ ಪದ್ಧತಿ ಅಲ್ಲಿ ನಡೆಯುತ್ತಿತ್ತು. ಅದನ್ನು ಹೇಳಿಕೊಡಲು ಇಂಗ್ಲೆಂಡಿನ ಜೋಸೆಫ್ ಲ್ಯಾಂಕಾಸ್ಟರ್ ಸ್ವತಃ ಬಂದಿದ್ದ. ಇದೇ ಬಗೆಯ ಇನ್ನೊಂದು ಪದ್ಧತಿಯನ್ನು ಆಂಡ್ರ್ಯೂ ಬೆಲ್ ನಮ್ಮ ಮದರಾಸಿನ ಅನಾಥಾಲಯವೊಂದರಲ್ಲಿ ರೂಪಿಸಿ 'ಮದರಾಸು ಪದ್ಧತಿ' ಎಂಬ ಹೆಸರಿನಲ್ಲಿ ಇಂಗ್ಲೆಂಡಿಗೆ ಒಯ್ದಿದ್ದ. ಯಾರ ಹೆಸರಿನದಾದರೂ ಸರಿ, ಕೈಯಲ್ಲಿ ನಾಲ್ಕು ಕಾಸಿದ್ದ ತಂದೆ ತನ್ನ ಮಗನನ್ನು ಅಂಥ ಧರ್ಮಶಾಲೆಗೆ ಕಳಿಸುತ್ತಿರಲಿಲ್ಲ.

1836ರ ಕಾಯ್ದೆ ಸರ್ಕಾರಿ ಶಾಲೆಗಳನ್ನು ಎಲ್ಲ ಮಕ್ಕಳಿಗೂ ತೆರೆಯಿತು. ನಗರಕ್ಕೊಂದು ಸೆಂಟ್ರಲ್ ಹೈಸ್ಕೂಲು ಕಟ್ಟಲು ಅನುಮತಿಯನ್ನೂ ಕೊಟ್ಟಿತು. ಇದರ ಹಿಂದಿನ ಲೆಕ್ಕಾಚಾರ ಜಾಣತನದ್ದು. ಯಾವ ಖಾಸಗಿ ಶಾಲೆಗೂ ಕಡಿಮೆಯಿಲ್ಲದ ಹೈಸ್ಕೂಲನ್ನು ಪುಕ್ಕಟೆಯಾಗಿ ಕೊಡುವುದು, ಆದರೆ ಅಲ್ಲಿಗೆ ಸೇರಬೇಕಾದರೆ ಮೊದಲು ಸರ್ಕಾರಿ ಶಾಲೆಯಲ್ಲಿ ಓದಿ, ಪ್ರವೇಶ ಪರೀಕ್ಷೆ ಪಾಸಾಗಿರಬೇಕು ಎನ್ನುವುದು. ವ್ಯಾಪಾರಿಗಳ, ಕುಶಲಕರ್ಮಿಗಳ ಮಕ್ಕಳು ಮೇಲಿನ ಶಾಲೆಯ ಆಸೆಗೆ ಕೆಳಗಿನ ಶಾಲೆಗಳಿಗೆ ಬಂದರು. ಬಡವರ ಶಾಲೆ ಎಂಬ ಹೆಸರು ಹೀಗೆ ಸವೆಯಿತು.

ಶಾಲೆಗೆ ಆಕಾರ ಕೊಟ್ಟವನು ಬೆಂಜಮಿನ್ ಫ್ರಾಂಕ್ಲಿನ್‌ನ ಮರಿಮೊಮ್ಮಗ, ವಿಜ್ಞಾನಿ ಅಲೆಕ್ಸಾಂಡರ್ ಡಲ್ಲಾಸ್ ಬೇಚ್. ಲ್ಯಾಟಿನ್, ಗ್ರೀಕ್‌ಗಳೇ ವಿದ್ಯೆ ಎನ್ನುವ ಕಾಲದಲ್ಲಿ ಅವನು ವಿಜ್ಞಾನ, ಗಣಿತ, ಚಿತ್ರರಚನೆ, ಆಧುನಿಕ ಭಾಷೆಗಳಿಗೆ ಜಾಗ ಮಾಡಿದ. ಮ್ಯೂನಿಕ್‌ನಿಂದ ದೂರದರ್ಶಕ ತರಿಸಿ ಶಾಲೆಗೊಂದು ವೀಕ್ಷಣಾಲಯವನ್ನೇ ಕಟ್ಟಿಸಲಾಯಿತು. 1849ರಲ್ಲಿ ರಾಜ್ಯದ ಶಾಸನಸಭೆ ಈ ಹೈಸ್ಕೂಲಿಗೆ ಕಾಲೇಜುಗಳಂತೆ ಪದವಿ ಕೊಡುವ ಅಧಿಕಾರವನ್ನೂ ಕೊಟ್ಟಿತು. ಅಲ್ಲಿ ಇಂದಿಗೂ ಮುಖ್ಯಸ್ಥರನ್ನು ಕರೆಯುವುದು ಪ್ರೆಸಿಡೆಂಟ್ ಎಂದು. ಹಳೆಯ ವಿದ್ಯಾರ್ಥಿಗಳು ತಮ್ಮನ್ನು ಗುರುತಿಸಿಕೊಳ್ಳುವುದು ಪಾಸಾದ ವರ್ಷದಿಂದಲ್ಲ, ತಂಡದ ಸಂಖ್ಯೆಯಿಂದ. 1842ರಲ್ಲಿ ಹೊರಬಂದದ್ದು ಒಂದನೆಯ ತಂಡ. ಆ ಎಣಿಕೆ ಇನ್ನೂ ನಿಂತಿಲ್ಲ.

ಒಳಗೆ ನಡೆಯುತ್ತಿದ್ದದ್ದು ಅಂಕಗಳ ರಾಜ್ಯಭಾರ. ಶಿಕ್ಷಣದ ಇತಿಹಾಸಕಾರ ಡೇವಿಡ್ ಲಾಬರಿ ಶಾಲೆಯ ಹಳೆಯ ದಾಖಲೆಗಳನ್ನು ಕೆದಕಿ 1988ರಲ್ಲಿ ಒಂದು ಪುಸ್ತಕ ಬರೆದರು. ಅವರಿಗೆ ಕಂಡದ್ದು ಎರಡು ಸಂಗತಿ. ಒಳಗೆ ಬಂದ ಹುಡುಗರಲ್ಲಿ ಮಧ್ಯಮ ವರ್ಗದವರದೇ ಮೇಲುಗೈ, ಬಡ ಕೂಲಿಕಾರರ ಮಕ್ಕಳು ಕಡಿಮೆ. ಆದರೆ ಒಮ್ಮೆ ಒಳಗೆ ಬಂದ ಮೇಲೆ, ಕೊನೆಯ ತನಕ ಉಳಿದು ಪದವಿ ಪಡೆಯುವವನು ಯಾರೆಂಬುದನ್ನು ಅಪ್ಪನ ಕಸುಬು ನಿರ್ಧರಿಸಲಿಲ್ಲ, ಹುಡುಗನ ಅಂಕ ನಿರ್ಧರಿಸಿತು. ಸೇರಿದವರಲ್ಲಿ ಹೆಚ್ಚಿನವರು ಮಧ್ಯದಲ್ಲೇ ಉದುರಿಹೋದರು. ಉದುರುವಾಗ ಅಂಗಡಿಯವನ ಮಗ, ಬಡಗಿಯ ಮಗ ಎಂಬ ಭೇದ ಹೆಚ್ಚೇನೂ ಇರಲಿಲ್ಲ. ಜರಡಿ ನ್ಯಾಯವಾಗಿತ್ತು, ಅದರೊಳಗೆ ಯಾರನ್ನು ಸುರಿದರು ಎಂಬುದು ಬೇರೆ ಪ್ರಶ್ನೆ.

ಆ ಜರಡಿಯಿಂದ ಹೊರಬಂದವರ ಪಟ್ಟಿ ದೊಡ್ಡದು. ಚಿತ್ರಕಾರ ಥಾಮಸ್ ಏಕಿನ್ಸ್ ಇಲ್ಲಿ ಓದಿದ. ಹಾರ್ಲೆಮ್‌ನ ಕಪ್ಪು ಸಾಹಿತ್ಯ ಚಳವಳಿಗೆ ದಿಕ್ಕು ತೋರಿದ ಅಲೆನ್ ಲಾಕ್, ರೋಡ್ಸ್ ವಿದ್ಯಾರ್ಥಿವೇತನ ಪಡೆದ ಮೊದಲ ಆಫ್ರಿಕನ್ ಅಮೆರಿಕನ್, 1902ರಲ್ಲಿ ಇಲ್ಲಿಂದ ಹೊರಬಂದವರು. ಅಹಮದಾಬಾದಿನ ಐಐಎಂ ಕಟ್ಟಡಗಳ ಇಟ್ಟಿಗೆಯ ಕಮಾನುಗಳನ್ನು ಕಂಡವರಿಗೆ ಲೂಯಿ ಕಾನ್ ಹೆಸರು ಹೊಸದಲ್ಲ. ಬಡ ವಲಸಿಗರ ಮಗನಾದ ಆತ ಚಿತ್ರಕಾರನಾಗಬೇಕೆಂದಿದ್ದವನು. ಸೆಂಟ್ರಲ್‌ನ ಕೊನೆಯ ವರ್ಷದಲ್ಲಿ ಕೇಳಿದ ವಾಸ್ತುಶಿಲ್ಪದ ಪಾಠಗಳು ಅವನ ದಾರಿ ಬದಲಿಸಿದವು. ನೋಮ್ ಚಾಮ್‌ಸ್ಕಿಯೂ ಇಲ್ಲಿಯವರೇ, ಆದರೆ ಅವರ ನೆನಪು ಸಿಹಿಯಾದದ್ದಲ್ಲ. ತಾವು ಮೊದಲು ಓದಿದ ಪ್ರಯೋಗಶೀಲ ಶಾಲೆಯಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಮಾತೇ ಇರಲಿಲ್ಲ, ತಾನು ಜಾಣ ಎಂಬುದು ಗೊತ್ತಾದದ್ದೇ ಸೆಂಟ್ರಲ್‌ಗೆ ಬಂದ ಮೇಲೆ ಎಂದು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಅದನ್ನು ಹೊಗಳಿಕೆಯಾಗಿ ಹೇಳಿದ್ದಲ್ಲ.

ಈ ಪಟ್ಟಿಯಲ್ಲಿ ಹೆಣ್ಣಿನ ಹೆಸರಿಲ್ಲ. ನಗರ ಹೆಣ್ಣುಮಕ್ಕಳನ್ನು ಪೂರ್ತಿ ಮರೆತಿತ್ತು ಎನ್ನುವಂತಿಲ್ಲ. 1848ರಲ್ಲಿ ಅವರಿಗೂ ಒಂದು ಶಾಲೆ ಬಂತು, ಅದರ ಹೆಸರು ಗರ್ಲ್ಸ್ ನಾರ್ಮಲ್ ಸ್ಕೂಲ್. ಹುಡುಗರು ವಿಜ್ಞಾನಿ, ವಕೀಲ, ವ್ಯಾಪಾರಿ ಏನಾದರೂ ಆಗಬಹುದು. ಹುಡುಗಿಯರು ಟೀಚರಾಗಲಿ ಎನ್ನುವ ಯೋಜನೆ. ಅದೇ ಮುಂದೆ ಗರ್ಲ್ಸ್ ಹೈಸ್ಕೂಲಾಗಿ ಒಳ್ಳೆಯ ಹೆಸರು ಪಡೆಯಿತು. ಹುಡುಗಿಯರಿಗೂ ಒಂದು ಇದೆಯಲ್ಲ ಎಂಬ ಸಮಾಧಾನದಲ್ಲಿ ನೂರು ವರ್ಷ ದಾಟಿತು.

1974ರಲ್ಲಿ ವೋರ್ಶೈಮರ್ ಎಂಬ ಹುಡುಗಿ ಸೆಂಟ್ರಲ್‌ಗೇ ಸೇರಬೇಕೆಂದಳು. ಅಂಕಗಳಿದ್ದವು, ಸೀಟು ಸಿಗಲಿಲ್ಲ. ಮೊಕದ್ದಮೆ ಹೂಡಿದಾಗ ಕೆಳಗಿನ ಫೆಡರಲ್ ನ್ಯಾಯಾಲಯ ಅವಳ ಪರ ತೀರ್ಪು ಕೊಟ್ಟಿತು. 1976ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ತಿರುಗಿಸಿತು. ವಿಜ್ಞಾನದ ಸೌಲಭ್ಯಗಳು ಸೆಂಟ್ರಲ್‌ನಲ್ಲೇ ಉತ್ತಮ ಎಂಬ ಅಂಶ ದಾಖಲೆಯಲ್ಲಿದ್ದರೂ, ಎರಡು ಶಾಲೆಗಳೂ ಹೆಚ್ಚುಕಡಿಮೆ ಸಮ ಎಂದು ಬಹುಮತ ಹೇಳಿತು. ಭಿನ್ನಮತದ ನ್ಯಾಯಾಧೀಶರು 1896ರ ಪ್ಲೆಸಿ ತೀರ್ಪನ್ನು ನೆನಪಿಸಿದರು. ಬಿಳಿಯರಿಗೂ ಕರಿಯರಿಗೂ ರೈಲಿನ ಡಬ್ಬಿ ಬೇರೆ ಬೇರೆ ಇರಲಿ, ಸಮವಾಗಿದ್ದರೆ ಸಾಕು ಎಂದ ತೀರ್ಪು ಅದು. 1977ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಬ್ಬ ನ್ಯಾಯಮೂರ್ತಿ ಭಾಗವಹಿಸದ ಕಾರಣ ಮತಗಳು ನಾಲ್ಕು–ನಾಲ್ಕಾದವು. ಹಾಗಾದರೆ ಕೆಳಗಿನ ತೀರ್ಪೇ ಉಳಿಯುತ್ತದೆ. ಬಾಗಿಲು ತೆರೆಯಲಿಲ್ಲ.

ಆರು ವರ್ಷಗಳ ನಂತರ ಅದೇ ಪ್ರಶ್ನೆ ರಾಜ್ಯದ ನ್ಯಾಯಾಲಯಕ್ಕೆ ಬಂತು. ಪೀಠದಲ್ಲಿದ್ದವರು ವಿಲಿಯಂ ಮರುತಾನಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜಪಾನಿ ಮೂಲದವರೆಂಬ ಒಂದೇ ಕಾರಣಕ್ಕೆ ಅಮೆರಿಕದ ಸರ್ಕಾರ ಬೇಲಿಯೊಳಗೆ ಕೂಡಿಟ್ಟ ಸಾವಿರಾರು ಜನರಲ್ಲಿ ವಿದ್ಯಾರ್ಥಿಯಾಗಿದ್ದ ಅವರೂ ಒಬ್ಬರು. ಅಂತರ್ಜನಾಂಗೀಯ ಮದುವೆಯ ನಿಷೇಧವನ್ನು ರದ್ದು ಮಾಡಿದ 1967ರ ಪ್ರಸಿದ್ಧ ಲವಿಂಗ್ ಮೊಕದ್ದಮೆಯಲ್ಲಿ ವಕೀಲರಾಗಿ ವಾದಿಸಿದ್ದರು. ಅವರು ಎರಡು ಶಾಲೆಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು: ಆವರಣ, ಗ್ರಂಥಾಲಯದ ಪುಸ್ತಕಗಳು, ಪಿಎಚ್‌ಡಿ ಮಾಡಿದ ಅಧ್ಯಾಪಕರು, ಗಣಿತದ ಕೋರ್ಸುಗಳು. ಎಲ್ಲದರಲ್ಲೂ ಸೆಂಟ್ರಲ್ ಮುಂದಿತ್ತು. 1983ರ ಆಗಸ್ಟಿನಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳುವಂತೆ ಆದೇಶ ಬಂತು. ಶಾಲಾ ಮಂಡಳಿ ಮೇಲ್ಮನವಿ ಸಲ್ಲಿಸಲಿಲ್ಲ. ಹಳೆಯ ವಿದ್ಯಾರ್ಥಿಗಳ ಸಂಘ ಕೊನೆಗಳಿಗೆಯಲ್ಲಿ ನಡುವೆ ಬರಲು ಯತ್ನಿಸಿತು, ಕೋರ್ಟು ಒಪ್ಪಲಿಲ್ಲ. ಸೆಪ್ಟೆಂಬರಿನಲ್ಲಿ ಆರು ಹುಡುಗಿಯರು ಒಳಗೆ ಕಾಲಿಟ್ಟರು.

ಶಾಲೆಯ ಮಟ್ಟ ಕುಸಿಯುತ್ತದೆ, ಪರಂಪರೆ ಹಾಳಾಗುತ್ತದೆ ಎಂಬ ಭಯ ನಿಜವಾಗಲಿಲ್ಲ. ಸೆಂಟ್ರಲ್ ಈಗಲೂ ಪೆನ್ಸಿಲ್ವೇನಿಯಾದ ಮುಂಚೂಣಿಯ ಸರ್ಕಾರಿ ಹೈಸ್ಕೂಲುಗಳಲ್ಲಿ ಒಂದು. 2022ರಲ್ಲಿ ಮೊದಲ ಬಾರಿಗೆ ಮಹಿಳೆಯೊಬ್ಬರು ಅದರ ಪ್ರೆಸಿಡೆಂಟರಾದರು.

ಆದರೆ ಬಾಗಿಲ ಪ್ರಶ್ನೆ ಮುಗಿದಿಲ್ಲ. 2021ರಲ್ಲಿ ಫಿಲಡೆಲ್ಫಿಯಾ ಇಂಥ ಆಯ್ದ ಶಾಲೆಗಳ ಸೀಟುಗಳಿಗೆ, ಅರ್ಹತೆ ಇದ್ದವರ ನಡುವೆ ಲಾಟರಿ ಎತ್ತುವ ಪದ್ಧತಿ ತಂದಿತು. ಕೆಲವು ಬಡಾವಣೆಗಳಿಂದ ಮಕ್ಕಳು ಇಂಥ ಶಾಲೆಗಳಿಗೆ ಬರುವುದೇ ಅಪರೂಪವಾಗಿದ್ದರಿಂದ ಆ ಪಿನ್‌ಕೋಡುಗಳಿಗೆ ಆದ್ಯತೆ ಕೊಟ್ಟಿತು. ಅಂಕವಿದ್ದೂ ಸೀಟು ತಪ್ಪಿದವರು ಇದು ಅನ್ಯಾಯ ಎಂದರು. ಇಷ್ಟು ದಿನ ನಡೆದದ್ದೇ ಅನ್ಯಾಯ ಎಂದು ಇನ್ನು ಕೆಲವರು ಹೇಳಿದರು. ಲಾಬರಿ ಹಳೆಯ ರಿಜಿಸ್ಟರುಗಳಲ್ಲಿ ಕಂಡದ್ದೂ ಇದೇ ಜಗಳದ ಬೇರು.

ಮಗುವಿಗೆ ಶಾಲೆ ಹುಡುಕುವಾಗ ನಾವು ಫಲಿತಾಂಶ ಕೇಳುವುದು ತಪ್ಪಲ್ಲ. ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಜಾಣರನ್ನೇ ಆರಿಸಿಕೊಂಡು ಜಾಣರನ್ನೇ ಹೊರಗೆ ಕಳಿಸಿದ ಶಾಲೆ ನಡುವಿನ ವರ್ಷಗಳಲ್ಲಿ ಏನು ಕಲಿಸಿತು? 1983ರಲ್ಲಿ ಆ ಆರು ಹುಡುಗಿಯರಿಗಾಗಿ ಸೆಂಟ್ರಲ್ ತನ್ನ ಪಾಠವನ್ನಾಗಲಿ, ಅಂಕದ ಕಟ್ಟುನಿಟ್ಟನ್ನಾಗಲಿ ಸಡಿಲಿಸಬೇಕಾಗಿ ಬರಲಿಲ್ಲ. ಬಾಗಿಲು ತೆಗೆದದ್ದಷ್ಟೇ.