ಮಿತಿಗೊಳಿಸುವ ಪ್ರತಿವರ್ತಕ

ರಾಸಾಯನಿಕ ಕ್ರಿಯೆಯಲ್ಲಿ ಎಲ್ಲಕ್ಕಿಂತ ಮೊದಲು ಮುಗಿದುಹೋಗಿ, ಉತ್ಪನ್ನ ಗರಿಷ್ಠ ಎಷ್ಟು ಸಿಗಬಹುದೆಂದು ನಿರ್ಧರಿಸುವ ವಸ್ತುವೇ ಮಿತಿಗೊಳಿಸುವ ಪ್ರತಿವರ್ತಕ. ಪ್ರಯೋಗಾಲಯದ ಮಾತಿನಲ್ಲಿ ಇದು ಲಿಮಿಟಿಂಗ್ ರಿಯೇಜೆಂಟ್. ಇದನ್ನು ಗುರುತಿಸಲು ಬರೀ ತೂಕ ಸಾಲದು, ಅಣುಗಳ ಲೆಕ್ಕ ಬೇಕು. ಆ ಲೆಕ್ಕ ಕೈಗೆ ಸಿಗಲು ರಸಾಯನಶಾಸ್ತ್ರಕ್ಕೆ ಸುಮಾರು ಏಳು ದಶಕ ಹಿಡಿಯಿತು.

ಇತಿಹಾಸ: ಕ್ರಿಯೆಯ ಮುಂಚೆಯೂ ಆಮೇಲೂ ಒಟ್ಟು ದ್ರವ್ಯರಾಶಿ ಒಂದೇ ಎಂದು ಫ್ರಾನ್ಸಿನ ಲವಾಸಿಯೇ 1789ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ. ಜರ್ಮನಿಯ ಜೆರೆಮಿಯಾಸ್ ರಿಕ್ಟರ್, ಇಂತಿಷ್ಟು ಆಮ್ಲವನ್ನು ತಟಸ್ಥಗೊಳಿಸಲು ಇಂತಿಷ್ಟೇ ಪ್ರತ್ಯಾಮ್ಲ ಬೇಕೆಂದು ಅಳೆದು, 1792ರಲ್ಲಿ ಈ ಗಣನೆಗೆ ಸ್ಟಾಯ್ಕಿಯೋಮೆಟ್ರಿ ಎಂದು ಹೆಸರಿಟ್ಟ. 1814ರಲ್ಲಿ ಇಂಗ್ಲೆಂಡಿನ ವೊಲಾಸ್ಟನ್ ಪ್ರಕಟಿಸಿದ ರಾಸಾಯನಿಕ ಸ್ಲೈಡ್ ರೂಲ್, ಯಾವ ವಸ್ತು ಎಷ್ಟು ಬೇಕೆಂಬುದನ್ನು ಪಟ್ಟಿ ಸರಿಸಿ ಓದಿಕೊಳ್ಳುವಂತೆ ಮಾಡಿತು.

ಸಾವಯವ ರಸಾಯನಶಾಸ್ತ್ರದ ತೊಡಕು ಮಾತ್ರ ಬಗೆಹರಿಯಲಿಲ್ಲ. ಇಂಗಾಲದ ಪರಮಾಣು ತೂಕ 6 ಎಂದು ಕೆಲವರು, 12 ಎಂದು ಕೆಲವರು ಹಿಡಿಯುತ್ತಿದ್ದರು. ಅಸಿಟಿಕ್ ಆಮ್ಲವೊಂದಕ್ಕೇ ಬಳಕೆಯಲ್ಲಿದ್ದ 19 ಸೂತ್ರಗಳನ್ನು ಜರ್ಮನಿಯ ರಸಾಯನಶಾಸ್ತ್ರಜ್ಞ ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಪಟ್ಟಿಮಾಡಿದ್ದಾನೆ. ಒಂದೇ ಉಷ್ಣತೆ ಮತ್ತು ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆಯೂ ಸಮ ಎಂದು ಅವೊಗಾಡ್ರೊ 1811ರಲ್ಲಿ ಮಂಡಿಸಿದ್ದ ಊಹೆಯನ್ನು ಇಟಲಿಯ ಕನ್ನಿಟ್ಸಾರೊ 1858ರಲ್ಲಿ ಮತ್ತೆ ಎತ್ತಿಹಿಡಿದ. 1860ರ ಕಾರ್ಲ್ಸ್‌ರೂಹೆ ಸಮ್ಮೇಳನದ ಬಳಿಕ ಅಣುತೂಕಗಳ ಬಗ್ಗೆ ಕ್ರಮೇಣ ಒಮ್ಮತ ಮೂಡಿತು.

ಗುರುತಿಸುವ ಬಗೆ: ಕಾಲೇಜು ಪ್ರಯೋಗಾಲಯಗಳಲ್ಲಿ ಆಸ್ಪಿರಿನ್ ತಯಾರಿಕೆ ಇದಕ್ಕೆ ಒಳ್ಳೆಯ ನಿದರ್ಶನ. 2.0 ಗ್ರಾಂ ಸ್ಯಾಲಿಸಿಲಿಕ್ ಆಮ್ಲವನ್ನು ಅದರ ಅಣುತೂಕ 138.12ರಿಂದ ಭಾಗಿಸಿದರೆ 0.0145 ಮೋಲ್ (ಅಣುಗಳ ಎಣಿಕೆಯ ಮಾನ). 5 ಮಿಲಿಲೀಟರ್ ಅಸಿಟಿಕ್ ಅನ್‌ಹೈಡ್ರೈಡ್‌ನ ತೂಕ, ಸಾಂದ್ರತೆ 1.08ರಂತೆ, 5.4 ಗ್ರಾಂ, ಅದು 0.053 ಮೋಲ್. ಒಂದಕ್ಕೆ ಒಂದರಂತೆ ಇವು ವರ್ತಿಸುವುದರಿಂದ ಸ್ಯಾಲಿಸಿಲಿಕ್ ಆಮ್ಲವೇ ಮಿತಿ; ಸೈದ್ಧಾಂತಿಕ ಇಳುವರಿ 2.61 ಗ್ರಾಂ. ವೇಗವರ್ಧಕವಾಗಿ ಹಾಕುವ ಸಲ್ಫ್ಯೂರಿಕ್ ಆಮ್ಲ ಖರ್ಚಾಗುವುದಿಲ್ಲ, ಆದ್ದರಿಂದ ಅದು ಈ ಲೆಕ್ಕಕ್ಕೆ ಸೇರದು.

ಮಿತಿಯ ಆಯ್ಕೆ: ಸಾಮಾನ್ಯವಾಗಿ ದುಬಾರಿ ವಸ್ತುವನ್ನು ಮಿತಿಯಾಗಿಸಿ, ಅಗ್ಗದ್ದನ್ನು ಹೆಚ್ಚಾಗಿ ಹಾಕುತ್ತಾರೆ. ಇದಕ್ಕೆ ಇನ್ನೊಂದು ಕಾರಣವೂ ಉಂಟು. 1862ರ ಸುಮಾರಿಗೆ ಫ್ರಾನ್ಸಿನ ಬರ್ತೆಲೊ ಮತ್ತು ಪೆಆನ್ ದ ಸೇಂ-ಜಿಲ್ ನಡೆಸಿದ ಪ್ರಯೋಗಗಳಲ್ಲಿ, ಸಮ ಮೋಲ್ ಅಸಿಟಿಕ್ ಆಮ್ಲ ಮತ್ತು ಎಥನಾಲ್ ಬೆರೆಸಿದಾಗ ಸುಮಾರು ಮೂರನೇ ಎರಡು ಪಾಲು ಮಾತ್ರ ಎಸ್ಟರ್ ಆಗಿ ಕ್ರಿಯೆ ನಿಂತಿತು. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಹೆಚ್ಚು ಪೂರ್ಣವಾಗಿ ಬಳಕೆಯಾಗುತ್ತದೆ. ಆದರೆ ಹೆಚ್ಚುವರಿಯಾಗಿ ಉಳಿದದ್ದನ್ನು ಮರಳಿ ಬಳಸದಿದ್ದರೆ ಅದು ತ್ಯಾಜ್ಯವೇ. ಹಾಗಾಗಿ ಹಸಿರು ರಸಾಯನಶಾಸ್ತ್ರ ಈ ಹೆಚ್ಚುವರಿಯನ್ನು ಆದಷ್ಟು ತಗ್ಗಿಸಲು ಒತ್ತಾಯಿಸುತ್ತದೆ.

ಶೇಕಡಾ ಇಳುವರಿಯನ್ನು ಯಾವಾಗಲೂ ಮಿತಿಗೊಳಿಸುವ ಪ್ರತಿವರ್ತಕದ ಆಧಾರದ ಮೇಲೆಯೇ ಲೆಕ್ಕಹಾಕಬೇಕು. ಅದನ್ನು ತಪ್ಪಾಗಿ ಗುರುತಿಸಿದರೆ, ಪ್ರಯೋಗ ಎಷ್ಟೇ ಚೆನ್ನಾಗಿ ನಡೆದಿದ್ದರೂ ಫಲಿತಾಂಶಕ್ಕೆ ಅರ್ಥವಿರುವುದಿಲ್ಲ.